ಫ್ರೀಜರಿನಲ್ಲಿ ಮೂರು ಫಿಲ್ಟರ್

ಬಿಡಿಭಾಗದ ಅಂಗಡಿಗೆ ಬರುವವರೆಲ್ಲ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಹಿಂದಿನ ಶೆಡ್ಡಿನಲ್ಲಿ ಕಾರು ರಿಪೇರಿ ಮಾಡುವ ಮೈದುನ ದಿನಕ್ಕೆ ಐವತ್ತು ಸಲ "ಅತ್ತಿಗೆ, ಒಂದು ಬೆಲ್ಟು", "ಅತ್ತಿಗೆ, ನಾಲ್ಕು ಪ್ಲಗ್ಗು" ಎಂದು ಕೂಗುತ್ತಿದ್ದದ್ದು ಕೇಳಿ ಕೇಳಿ ಗಿರಾಕಿಗಳ ಬಾಯಿಗೂ ಅದೇ ಹತ್ತಿಬಿಟ್ಟಿತ್ತು. ಅವಳಿಗಿಂತ ಹತ್ತು ಹದಿನೈದು ವರ್ಷ ದೊಡ್ಡವರಾದ ಲಾರಿ ಡ್ರೈವರುಗಳೂ ಅತ್ತಿಗೆ ಎನ್ನುವವರೇ. ಮೊದಮೊದಲು ಮುಜುಗರವಾಗುತ್ತಿತ್ತು. ಆಮೇಲೆ, ಊರಿಗೆ ಊರೇ ಮೈದುನಂದಿರಾದರೆ ತನ್ನ ಗಂಟೇನು ಹೋಯಿತು ಎಂದು ಸುಮ್ಮನಾದಳು.

ಅವಳು ಕೌಂಟರಿನಲ್ಲಿ ಕೂತು ಮೂರು ವರ್ಷವಾಗಿತ್ತು. ಅದಕ್ಕೆ ಮೊದಲು ಅಲ್ಲಿ ಕೂರುತ್ತಿದ್ದವನು ಗಂಡ. ಅವನ ಮಂಡಿ ಕೈಕೊಟ್ಟಿತು. ಮೂರು ಮೆಟ್ಟಿಲು ಹತ್ತಿಳಿಯುವುದೂ ಕಷ್ಟವಾದಾಗ ಅಂಗಡಿಯ ಕೀಲಿಗೊಂಚಲನ್ನು ಹೆಂಡತಿಯ ಕೈಗೆ ಕೊಟ್ಟ. ಜೊತೆಗೆ ಒಂದು ಪಾಠವನ್ನೂ ಕೊಟ್ಟ.

"ಆಯಿಲ್ ಫಿಲ್ಟರ್ ತರಿಸೋವಾಗ ಡಬ್ಬಿ ಮೇಲಿನ ಬಣ್ಣ ನೋಡ್ಬೇಡ, ಏಜೆಂಟರ ಬಾಯಿ ನೋಡ್ಬೇಡ. ಅಂಗೈ ಮೇಲಿಟ್ಕೊಂಡು ತೂಗಿ ನೋಡು. ಭಾರ ಇರೋದನ್ನ ಇಟ್ಕೋ, ಹಗುರ ಇರೋದನ್ನ ವಾಪಸ್ ಕಳ್ಸು. ನಮ್ಮಪ್ಪ ಮಾಡಿದ್ದು ಇದೇ, ನಾನು ಮಾಡಿದ್ದೂ ಇದೇ."

ಇಂಜಿನ್ನಿನ ಎಣ್ಣೆಯನ್ನು ಸೋಸುವ, ದಪ್ಪ ಲೋಟದಷ್ಟು ದೊಡ್ಡ ತಗಡಿನ ಡಬ್ಬ ಅದು. ಒಳಗೆ ಏನಿದೆಯೆಂದು ಯಾರೂ ನೋಡಲು ಹೋಗುವುದಿಲ್ಲ. ಅತ್ತಿಗೆಯೂ ನೋಡಿರಲಿಲ್ಲ. ಮೂರು ವರ್ಷ ತೂಗಿ ತೂಗಿಯೇ ತರಿಸಿದಳು. ಅವಳ ಅಂಗೈ ಎಷ್ಟು ಪಳಗಿತೆಂದರೆ, ಕಣ್ಣು ಮುಚ್ಚಿಕೊಂಡು ಡಬ್ಬ ಹಿಡಿದರೂ ಅದು ತಮ್ಮ ಅಂಗಡಿಯದೋ ಅಲ್ಲವೋ ಹೇಳಬಲ್ಲಳು.

ಚಳಿಗಾಲದ ನಡುವಿನ ಒಂದು ಗುರುವಾರ ಬೆಳಿಗ್ಗೆ ನರ್ಸಮ್ಮ ಬಂದು ಕಾರಿನ ಕೀಲಿಯನ್ನು ಕೌಂಟರಿನ ಮೇಲೆ ಕುಕ್ಕಿದಳು. ಗುಡ್ಡದ ಮೇಲೆ ಚದುರಿಕೊಂಡಿರುವ ಹತ್ತೊಂಬತ್ತು ಮನೆಗಳಿಗೆ ದಿನಾ ಹೋಗಿ ಗಾಯ ಕಟ್ಟಿ, ಸೂಜಿ ಚುಚ್ಚಿ, ಮಾತ್ರೆ ನುಂಗಿಸಿ ಬರುವವಳು ಅವಳು. ಹೊರಡುವುದು ಬೆಳಕು ಹರಿಯುವ ಹೊತ್ತಿಗೆ. ಕಾರು ಹಳೆಯದು, ನಿಲ್ಲುವುದು ಬಯಲಿನಲ್ಲಿ.

"ಅತ್ತಿಗೆ, ನಿಮ್ಮ ಮೈದುನನ ಮಾತು ಕೇಳಿದ್ರಾ? ಇಂಜಿನ್ ಇಳಿಸಬೇಕಂತೆ. ಮೂರು ವಾರ ಅಂತೆ. ಅಲ್ಲಿವರೆಗೆ ನಾನೇನು ರೆಕ್ಕೆ ಕಟ್ಕೊಂಡು ಹಾರಲಾ?"

ಮೈದುನ ಕೈ ಒರೆಸಿಕೊಳ್ಳುತ್ತ ಹಿಂದಿನ ಬಾಗಿಲಿಗೆ ಬಂದು ನಿಂತ. "ಶಬ್ದ ಕೇಳಿದ್ರೆ ಗೊತ್ತಾಗಲ್ವಾ ಅತ್ತಿಗೆ? ಬೇರಿಂಗ್ ಸವೆದಿದೆ. ಈಗ ಬಿಚ್ಚದಿದ್ರೆ ಒಂದಿನ ಗುಡ್ಡದ ಅರ್ಧದಲ್ಲಿ ಕೂತ್ಕೊಳ್ಳತ್ತೆ. ಆಮೇಲೆ ನನ್ನ ಬೈಬೇಡಿ."

"ಸೋಮವಾರದೊಳಗೆ ಕಾರು ನೆಟ್ಟಗಾಗದಿದ್ರೆ ಗುಡ್ಡದ ಮನೆಗಳನ್ನ ಕೆಳಗಿನ ಆಸ್ಪತ್ರೆ ವ್ಯಾನಿಗೆ ವಹಿಸ್ತೀನಿ ಅಂದಿದ್ದಾರೆ ನಮ್ಮ ದೊಡ್ಡ ಡಾಕ್ಟರು" ಎಂದಳು ನರ್ಸಮ್ಮ. ಈಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ವ್ಯಾನು ಬರೋದು ವಾರಕ್ಕೊಂದು ಸಲ. ತುದಿ ಮನೆ ಅಜ್ಜನ ಕಾಲಿನ ಹುಣ್ಣು ಈಗಷ್ಟೇ ಅಂಚು ಕೂಡ್ತಾ ಇದೆ. ದಿನಾ ಬಿಚ್ಚಿ ತೊಳೆದು ಕಟ್ಬೇಕು. ವಾರಕ್ಕೊಂದು ಸಲ ಕಟ್ಟಿದ್ರೆ ಆ ಕಾಲು ಉಳಿಯಲ್ಲ ಅತ್ತಿಗೆ."

ಅತ್ತಿಗೆ ಸ್ಟೂಲು ಎಳೆದು ಕೊಟ್ಟಳು. "ಕೂತ್ಕೊಳ್ಳಿ. ಶಬ್ದ ಯಾವಾಗ ಬರತ್ತೆ?"

"ಬೆಳಿಗ್ಗೆ ಮೊದಲನೇ ಸಲ ಚಾಲೂ ಮಾಡಿದಾಗ. ಯಾರೋ ಒಳಗೆ ಕೂತು ಚಮಚದ ಡಬ್ಬಿ ಅಲ್ಲಾಡಿಸಿದ ಹಾಗೆ. ಸ್ಟೀರಿಂಗ್ ಮುಂದಿನ ಎಣ್ಣೆ ಗುರುತಿನ ದೀಪ ಕೆಂಪಗೆ ಉರೀತಾನೇ ಇರತ್ತೆ. ಆಮೇಲೆ ತಾನಾಗೇ ದೀಪ ಆರತ್ತೆ, ಶಬ್ದಾನೂ ನಿಲ್ಲತ್ತೆ."

"ಎಷ್ಟು ಹೊತ್ತಿಗೆ?"

ನರ್ಸಮ್ಮ ಚೀಲದಿಂದ ಒಂದು ನೋಟುಪುಸ್ತಕ ತೆಗೆದು ಕೊನೆಯ ಪುಟ ಬಿಡಿಸಿದಳು. ನಾಡಿ ಎಣಿಸಿ ಎಣಿಸಿ ಅಭ್ಯಾಸವಾದವಳು, ಎದೆಗೆ ಸಿಕ್ಕಿಸಿಕೊಂಡ ಗಡಿಯಾರ ನೋಡಿಕೊಂಡು ಕಾರಿನ ಗದ್ದಲವನ್ನೂ ಎಣಿಸಿ ಬರೆದಿಟ್ಟಿದ್ದಳು. ಪಕ್ಕದಲ್ಲಿ ಆ ದಿನದ ಚಳಿ: ಗಾಜಿನ ಮೇಲೆ ಮಂಜು, ನಲ್ಲಿ ಹೆಪ್ಪು, ಮೋಡ, ಬಿಸಿಲು.

ಮೈದುನ ನಕ್ಕುಬಿಟ್ಟ. "ಕಾರಿಗೂ ಜ್ವರದ ಪಟ್ಟಿ ಮಾಡಿದೀರಲ್ಲ ನರ್ಸಮ್ಮ!"

ಅತ್ತಿಗೆ ನಗಲಿಲ್ಲ. ಕನ್ನಡಕ ಹಾಕಿಕೊಂಡು ಸಾಲಿನಿಂದ ಸಾಲಿಗೆ ಬೆರಳು ಇಳಿಸಿದಳು. ಐದು ತಿಂಗಳ ಹಿಂದೆ ಎಣ್ಣೆ, ಫಿಲ್ಟರ್ ಬದಲಿಸಿದ ಮೇಲೆ ಸೊನ್ನೆ. ಚಳಿ ಶುರುವಾದಾಗ ಎರಡು, ಮೂರು ಸೆಕೆಂಡು. ನಲ್ಲಿ ಹೆಪ್ಪುಗಟ್ಟಿದ ದಿನ ಹನ್ನೊಂದು. ಮರುದಿನ ಮೋಡ ಮುಚ್ಚಿ ಚಳಿ ಸಡಿಲವಾದಾಗ ನಾಲ್ಕು. ಮತ್ತೆ ನಲ್ಲಿ ಹೆಪ್ಪು, ಹನ್ನೆರಡು.

"ಬೇರಿಂಗು ಹವೆ ನೋಡ್ಕೊಂಡು ಸವೆಯತ್ತಾ?" ಎಂದು ಮೈದುನನನ್ನು ಕೇಳಿದಳು. "ಒಂದಿನ ಹನ್ನೊಂದು ಸವೆದದ್ದು ಮಾರನೇ ದಿನ ನಾಲ್ಕಕ್ಕೆ ಬೆಳೆಯತ್ತಾ?"

ಮೈದುನ ತಲೆ ಕೆರೆದುಕೊಂಡ. "ಚಳೀಲಿ ಎಣ್ಣೆ ಗಟ್ಟಿಯಾಗತ್ತೆ. ಅದಕ್ಕೇ ತೆಳು ಎಣ್ಣೆ ಹಾಕಿದೀನಿ."

"ಹಾಕಿದ ಎಣ್ಣೆ ರಾತ್ರಿ ಎಲ್ಲಿರತ್ತೆ?"

"ಕೆಳಗಿನ ತೊಟ್ಟಿಗೆ ಇಳಿಯತ್ತೆ. ಫಿಲ್ಟರಿನೊಳಗಿರೋದು ಮಾತ್ರ ಅಲ್ಲೇ ನಿಲ್ಬೇಕು. ಬಾಯಿ ಹತ್ರ ಸುತ್ತ ತೂತು ಇರತ್ತಲ್ಲ, ಅದರ ಹಿಂದೆ ಒಂದು ರಬ್ಬರಿನ ಬಳೆ ಇರತ್ತೆ. ಎಣ್ಣೆನ ಒಳಗೆ ಬಿಡತ್ತೆ, ವಾಪಸ್ ಬಿಡಲ್ಲ. ಬೆಳಿಗ್ಗೆ ಚಾಲೂ ಮಾಡಿದ ತಕ್ಷಣ ಆ ಎಣ್ಣೆ ಇಂಜಿನ್ನಿಗೆ ಸಿಗ್ಬೇಕು." ಹೇಳುತ್ತ ಹೇಳುತ್ತ ಅವನಿಗೆ ಮಾತು ಎಲ್ಲಿಗೆ ಹೋಗುತ್ತಿದೆ ಎಂದು ಗೊತ್ತಾಯಿತು. ಮುಖ ಬಿಗಿಯಿತು. "ಆದ್ರೆ ಅದು ಅಣ್ಣ ಆರಿಸಿದ ಮಾಲು ಅತ್ತಿಗೆ. ನಲವತ್ತು ಕಾರಿಗೆ ಹಾಕಿದೀನಿ. ಒಬ್ಬರೂ ತುಟಿ ಪಿಟಕ್ ಅಂದಿಲ್ಲ."

ಅದೂ ನಿಜವೇ. ಅತ್ತಿಗೆ ಸೆರಗು ಸಿಕ್ಕಿಸಿಕೊಂಡು, ಟಾರ್ಚು ಹಿಡಿದು, ಶೆಡ್ಡಿಗೆ ಹೋಗಿ ನರ್ಸಮ್ಮನ ಕಾರಿನ ಕೆಳಗೆ ಬಗ್ಗಿ ನೋಡಿದಳು. ಪಕ್ಕದ ಕಾರಿನ ಕೆಳಗೂ ನೋಡಿದಳು, ಅದರಾಚೆಯದನ್ನೂ ನೋಡಿದಳು. ಆ ಎರಡರಲ್ಲಿ ಫಿಲ್ಟರ್ ಬಾಯಿ ಮೇಲಾಗಿ ಬಕೆಟ್ಟಿನಂತೆ ತೂಗುತ್ತಿತ್ತು. ನರ್ಸಮ್ಮನ ಕಾರಿನಲ್ಲಿ ಅದು ಇಂಜಿನ್ನಿನ ಪಕ್ಕೆಗೆ ಅಡ್ಡಡ್ಡ ಮಲಗಿತ್ತು.

"ಬಕೆಟ್ಟು ನೆಟ್ಟಗೆ ಇಟ್ರೆ ಮುಚ್ಚಳ ಹೇಗಿದ್ರೂ ನಡೆಯತ್ತೆ. ಅಡ್ಡ ಮಲಗಿಸಿದ್ರೆ?"

ಮೈದುನ ಸ್ಪ್ಯಾನರು ಎತ್ತಿಕೊಂಡ. "ಅಣ್ಣನ್ನ ಕೇಳಿ. ಅವನು ಹೂಂ ಅಂದ್ರೆ ಬೇರೆ ಫಿಲ್ಟರ್ ಹಾಕ್ತೀನಿ. ಇಲ್ಲಾಂದ್ರೆ ಸೋಮವಾರ ಇಂಜಿನ್ ಇಳಿಸ್ತೀನಿ" ಎಂದ. ಅಣ್ಣ ಹಾಕಿದ ಗೆರೆಯನ್ನು ದಾಟುವವನಲ್ಲ ಅವನು. ಕೈ ಹಿಡಿದು ಕೆಲಸ ಕಲಿಸಿದವನೇ ಅಣ್ಣ.

ಅಂದು ಸಂಜೆ ಅತ್ತಿಗೆ ಮನೆಗೆ ಮೂರು ಫಿಲ್ಟರ್ ಹೊತ್ತು ತಂದಳು. ಒಂದು ನರ್ಸಮ್ಮನ ಕಾರಿನಿಂದ ಬಿಚ್ಚಿಸಿದ ಹಳೆಯದು. ಇನ್ನೊಂದು ಅದೇ ಜಾತಿಯ ಹೊಸದು, ತಮ್ಮ ಅಂಗಡಿಯ ಭಾರದ ಮಾಲು. ಮೂರನೆಯದು ಹಗುರದ್ದು, ಏಜೆಂಟ್ ಒಬ್ಬಳು ನಾಲ್ಕು ಸ್ಯಾಂಪಲ್ ಬಿಟ್ಟುಹೋಗಿದ್ದಳು, ಗಾಳಿಗೆ ಕಾಗದ ಹಾರದಂತೆ ಅತ್ತಿಗೆ ಅವನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದಳು.

ಗಂಡ ಕಿಟಕಿ ಬಳಿಯ ಕುರ್ಚಿಯಲ್ಲಿ ಮಂಡಿಗೆ ಕಂಬಳಿ ಸುತ್ತಿಕೊಂಡು ಕೂತಿದ್ದ. ಅವಳು ಎಲ್ಲವನ್ನೂ ಹೇಳಿದಳು. ಅವನು ಮೂರನ್ನೂ ಅಂಗೈಯಲ್ಲಿ ತೂಗಿದ. ಹಗುರದ್ದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಮೂಗು ಮುರಿದ.

"ಇದು ಕಾಗದದ ಮೇಲಿಡೋಕೂ ಲಾಯಕ್ಕಿಲ್ಲ. ಕಾಗದಾನೇ ಇದನ್ನ ಎತ್ಕೊಂಡು ಹೋಗತ್ತೆ."

"ಇರ್ಲಿ. ನಾಳೆ ನೋಡೋಣ."

ಮೈದುನ ಕಾರಿಗೆ ಹಾಕುವ ಅದೇ ತೆಳು ಎಣ್ಣೆಯನ್ನು ಮೂರಕ್ಕೂ ನಡುವಿನ ತೂತಿನಿಂದ ತುಂಬಿದಳು. ಆ ತೂತಿಗೆ ಬಟ್ಟೆ ಸುತ್ತಿದ ಬಿರಟೆ ಜಡಿದಳು. ಸುತ್ತಲಿನ ಸಣ್ಣ ತೂತುಗಳನ್ನು ಹಾಗೆಯೇ ಬಿಟ್ಟಳು. ಅವನ್ನು ಕಾಯುವುದು ಒಳಗಿನ ರಬ್ಬರಿನ ಕೆಲಸ. ಮೂರು ತಟ್ಟೆಯಲ್ಲಿ ಮೂರನ್ನೂ ಅಡ್ಡ ಮಲಗಿಸಿ, ಫ್ರೀಜರಿನಿಂದ ಬಟಾಣಿ ಚೀಲ ತೆಗೆದು ಜಾಗ ಮಾಡಿದಳು.

"ಏನೇ ಇದು! ಐಸ್‌ಕ್ರೀಮ್ ಡಬ್ಬ ಎಲ್ಲಿಡ್ತೀಯ?"

"ಎಲ್ಲೂ ಇಡಲ್ಲ. ನೀವೇ ಮುಗಿಸ್ಬಿಡಿ."

ಈ ಏರ್ಪಾಡಿಗೆ ಗಂಡನ ತಕರಾರು ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ತಟ್ಟೆಗಳನ್ನು ಅವನ ಮುಂದೆ ಇಟ್ಟಳು. ಹಳೆಯ ಫಿಲ್ಟರಿನ ಎಣ್ಣೆಯೆಲ್ಲ ತಟ್ಟೆಯಲ್ಲಿತ್ತು. ಹೊಸ ಭಾರದ್ದರಿಂದ ಅರ್ಧಕ್ಕರ್ಧ ಸೋರಿತ್ತು. ಹಗುರದ್ದರ ಕೆಳಗೆ ಮೂರು ಹನಿ.

ಗಂಡ ಬಹಳ ಹೊತ್ತು ನೋಡಿದ. ಅವನೂ ಸುಮ್ಮನೆ ಮೂವತ್ತು ವರ್ಷ ವ್ಯಾಪಾರ ಮಾಡಿದವನಲ್ಲ. "ಹಳೇದರ ಮಾತು ಬಿಡು. ಹೊಸದಕ್ಕೆ ಹೊಸದು ಹೋಲಿಸು. ನಮ್ಮದು ಅರ್ಧವಾದ್ರೂ ಹಿಡ್ಕೊಂಡಿದೆ. ನಿನ್ನ ಹಗುರದ ಡಬ್ಬ ಇವತ್ತು ಹಿಡ್ಕೊಂಡಿದೆ, ಸರಿ. ಐದು ತಿಂಗಳು ಇಂಜಿನ್ನಿನ ಕಾವಲ್ಲಿ ಬೆಂದ ಮೇಲೆ ಅದರ ರಬ್ಬರ್ ಹೀಗೇ ಇರತ್ತೆ ಅಂತ ಏನು ಗ್ಯಾರಂಟಿ? ನಾಳೆ ಅದೂ ಹೀಗೇ ಸೋರಿದ್ರೆ ಆ ನರ್ಸು ಹುಡುಗಿ ಗುಡ್ಡದ ಮೇಲೆ ಯಾರ ಹೆಸರು ಹೇಳಿ ಅಳ್ತಾಳೆ? ನಿನ್ನ ಹೆಸರು."

ಅವನು ಹಟಕ್ಕೆ ಹೇಳಿದ್ದಲ್ಲ ಎಂದು ಅತ್ತಿಗೆಗೆ ಗೊತ್ತಿತ್ತು. ಅದಕ್ಕೇ ಹೆಚ್ಚು ಚುಚ್ಚಿತು. ಅಂಗಡಿಗೆ ಹೋಗಿ ಕೂತರೂ ಕೈ ಕೆಲಸಕ್ಕೆ ಹತ್ತಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನರ್ಸಮ್ಮ ಔಷಧಿ ಅಂಗಡಿಯವನ ಸ್ಕೂಟರಿನಲ್ಲಿ ಗುಡ್ಡದಿಂದ ಇಳಿದು ಬರುವುದು ಕಂಡಿತು. ಕಾರಿಲ್ಲದ್ದಕ್ಕೆ ಅದನ್ನೇ ಎರವಲು ಪಡೆದಿದ್ದಳು. ಅರ್ಧ ಗುಡ್ಡ ಸ್ಕೂಟರು, ಉಳಿದರ್ಧ ಅವಳ ಕಾಲು. ಮೂಗಿನ ತುದಿ ಕೆಂಪಾಗಿತ್ತು, ಬೂಟಿನ ತುಂಬ ಕೆಸರು. ಒಂಬತ್ತು ಮನೆ ಮಾತ್ರ ಆಯಿತಂತೆ. ತುದಿ ಮನೆಯನ್ನು ಮಾತ್ರ ಬಿಟ್ಟಿರಲಿಲ್ಲ.

"ಏನಾದ್ರೂ ಆಯ್ತಾ ಅತ್ತಿಗೆ?"

"ನಾಳೆ ಒಂದಿನ ತಡ್ಕೊಳ್ಳಿ" ಎಂದಳು ಅತ್ತಿಗೆ. ಯಾಕೆ ಹಾಗೆಂದಳೆಂದು ಅವಳಿಗೇ ಗೊತ್ತಿರಲಿಲ್ಲ. ಆದರೆ ಹೇಳಿಬಿಟ್ಟ ಮೇಲೆ ದಾರಿ ಹುಡುಕಲೇಬೇಕಾಯಿತು. ಗಂಡನ ಮಾತನ್ನೇ ಮತ್ತೆ ಮೆಲುಕು ಹಾಕಿದಳು: ಕಾವಲ್ಲಿ ಬೆಂದ ಮೇಲೆ. ಹಾಗಾದರೆ ಬೇಯಿಸಿಯೇ ನೋಡಬಹುದಲ್ಲ!

ಮೈದುನನಿಂದ ಗರಗಸದ ಬ್ಲೇಡು ಇಸಿದುಕೊಂಡು ಭಾರದ ಒಂದು, ಹಗುರದ ಒಂದು ಹೊಸ ಫಿಲ್ಟರನ್ನು ಮನೆಗೆ ತಂದು, ಶನಿವಾರ ಬೆಳಿಗ್ಗೆ ಹಿತ್ತಲ ಕಲ್ಲಿನ ಮೇಲಿಟ್ಟು ಕೊಯ್ದಳು. ತಗಡು ಬಿಚ್ಚಿದಾಗ ಭಾರದ ಗುಟ್ಟು ಬಯಲಾಯಿತು. ಡಬ್ಬದ ತಗಡು ದಪ್ಪ, ತಳದ ಬಿಲ್ಲೆ ಇನ್ನೂ ದಪ್ಪ. ಎಣ್ಣೆ ಸೋಸುವ ಕಾಗದ ಮಾತ್ರ ಬಡಕಲು. ಹಗುರದ್ದರಲ್ಲಿ ಕಾಗದವೇ ಒತ್ತೊತ್ತಾಗಿ ತುಂಬಿತ್ತು. ಕಾಗದದ ಮಡಿಕೆ ಎಣಿಸುವ ಕೆಲಸವನ್ನು ಗಂಡನಿಗೆ ವಹಿಸಿದಳು. ಭಾರದ್ದರಲ್ಲಿ ನಲವತ್ತೊಂದು. ಹಗುರದ್ದರಲ್ಲಿ ಐವತ್ತೆಂಟು. ಅವನು ನಂಬದೆ ಮತ್ತೆ ಎಣಿಸಿದ, ಐವತ್ತೊಂಬತ್ತಾಯಿತು. ಮೂರನೆಯ ಸಲ ಎಣಿಸಲು ಹೋಗಲಿಲ್ಲ.

ಎರಡರ ರಬ್ಬರಿನ ಬಳೆಗಳನ್ನೂ ಬಿಡಿಸಿದಳು. ಭಾರದ್ದರದ್ದು ಕಪ್ಪು, ಹಗುರದ್ದರದ್ದು ಇಟ್ಟಿಗೆ ಬಣ್ಣ. ಹೊಸದಾಗಿದ್ದಾಗ ಎರಡೂ ಮೆತ್ತಗೇ ಇದ್ದವು. ಹಳೆಯ ಪಾತ್ರೆಯೊಂದರಲ್ಲಿ ಎಣ್ಣೆ ಹಾಕಿ, ಅವನ್ನು ಮುಳುಗಿಸಿ, ಹಿತ್ತಲಿನ ಒಲೆಯ ಮೇಲೆ ಸಣ್ಣ ಉರಿಯಲ್ಲಿ ಇಟ್ಟಳು. ಬೆಳಿಗ್ಗೆ ಎಂಟರಿಂದ ಸಂಜೆ ಆರರ ತನಕ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತಳು. ಎಣ್ಣೆ ಹೊಗೆಯಾಡಿದರೆ ಉರಿ ತಗ್ಗಿಸುವುದು, ತಣಿದರೆ ಏರಿಸುವುದು. ಅಂಗಡಿಯನ್ನು ಮೈದುನ ನೋಡಿಕೊಂಡ, ಮಧ್ಯಾಹ್ನ ಊಟಕ್ಕೆ ಬಂದವನು ಪಾತ್ರೆಯೊಳಗೆ ಇಣುಕಿ, "ಇನ್ನೂ ಬೆಂದಿಲ್ಲ ಅನ್ಸತ್ತೆ, ಉಪ್ಪು ಹಾಕಿದೀರಾ?" ಎಂದು ಕೇಳಿ ಬೈಸಿಕೊಂಡು ಹೋದ.

ಗಂಡ ಒಳಗಿನಿಂದ ಕೂಗಿದ: "ಆ ಪಾತ್ರೇಲಿ ಇನ್ಮೇಲೆ ಅಡಿಗೆ ಮಾಡ್ಬೇಡ ಮಹಾತಾಯಿ!"

"ಮಾಡಿದ್ರೆ ನಿಮ್ಮ ಮಂಡಿಗೆ ಒಳ್ಳೇದು. ಸಲೀಸಾಗಿ ತಿರುಗತ್ತೆ."

ಸಂಜೆ ಬಳೆಗಳನ್ನು ಒರೆಸಿ, ಒಂದು ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿ ಇಟ್ಟಳು.

ಭಾನುವಾರ ಬೆಳಿಗ್ಗೆ ಅಣ್ಣನನ್ನು ನೋಡಲು ಮೈದುನ ಬಂದಾಗ ಅವಳು ಡಬ್ಬಿ ತಂದಳು. ಮೊದಲು ಇಟ್ಟಿಗೆ ಬಣ್ಣದ್ದನ್ನು ಗಂಡನ ಕೈಗೆ ಕೊಟ್ಟಳು. ಅವನು ಮಡಿಸಿದ, ಬಿಟ್ಟ, ತಿರುಚಿದ. ಕಿವಿಯ ಹಾಲೆಯಂತೆ ಬಾಗಿ ಮತ್ತೆ ನೆಟ್ಟಗಾಯಿತು. ಆಮೇಲೆ ಕಪ್ಪನೆಯದನ್ನು ಕೊಟ್ಟಳು. ಅದು ಹಳೆ ಚಪ್ಪಲಿಯ ಅಟ್ಟೆಯಂತೆ ಸೆಟೆದುಕೊಂಡಿತ್ತು. ಅವನು ಹೆಬ್ಬೆರಳಿಂದ ಸ್ವಲ್ಪ ಒತ್ತಿದ. ಲಟಕ್ಕೆಂದು ಅಂಚು ಮುರಿದು ಕಂಬಳಿಯ ಮೇಲೆ ಬಿತ್ತು.

ಮೈದುನ ನೆಲ ನೋಡಿದ. ಅತ್ತಿಗೆಗೆ ಗೆದ್ದ ಖುಷಿಯೇನೂ ಆಗಲಿಲ್ಲ. ಆ ಕಪ್ಪು ರಬ್ಬರನ್ನು ಮೂರು ವರ್ಷ ತೂಗಿ ತೂಗಿ ತರಿಸಿದವಳು ಅವಳೇ. ನರ್ಸಮ್ಮನಿಗೆ, "ಕಣ್ಣು ಮುಚ್ಕೊಂಡು ತಗೊಂಡು ಹೋಗಿ" ಎಂದು ಕೊಟ್ಟವಳೂ ಅವಳೇ.

ಗಂಡ ಮುರಿದ ಚೂರನ್ನು ಎತ್ತಿ ಅಂಗೈ ಮೇಲಿಟ್ಟುಕೊಂಡ. ಅಭ್ಯಾಸಬಲದಿಂದ ಅದನ್ನೂ ಒಂದು ಸಲ ತೂಗಿದ.

"ಅಪ್ಪನ ಕಾಲದಲ್ಲಿ ತಗಡು ಒಡೀತಿತ್ತು" ಎಂದ. "ತೆಳು ತಗಡಿಂದು ಹಾಕಿದ್ರೆ ಬಿರಿದು ದಾರೀಲೆಲ್ಲ ಎಣ್ಣೆ. ಅದಕ್ಕೇ ಅಪ್ಪ ಭಾರ ನೋಡ್ತಿದ್ದದ್ದು. ಆಗ ಅದೇ ಸರಿ. ನಾನು... ಭಾರ ಯಾಕೆ ನೋಡ್ಬೇಕು ಅಂತ ಕೇಳ್ಲೇ ಇಲ್ಲ. ಸುಮ್ಮನೆ ತೂಗ್ತಾ ಬಂದೆ."

"ನಾನೂ ಕೇಳ್ಲಿಲ್ವಲ್ಲ" ಎಂದಳು ಅತ್ತಿಗೆ.

ಅವನು ತಮ್ಮನ ಕಡೆ ತಿರುಗಿದ. "ಏನೋ, ಬಾಯಿಗೆ ಬೀಗ ಹಾಕ್ಕೊಂಡು ನಿಂತಿದೀಯ? ಹೋಗು. ಹಗುರದ್ದು ಹಾಕು."

"ತಗಡು ತಡೆಯತ್ತಾ ಅಣ್ಣ?"

"ಕೊಯ್ದಿದ್ದು ಅಲ್ಲಿದೆ ನೋಡು. ಸುತ್ತ ಹೊಲಿಗೆ ಹೇಗೆ ಮಡಿಸಿದಾರೆ ನೋಡು. ಈಗಿನ ತಗಡು ತೆಳ್ಳಗಿದ್ರೂ ಗಟ್ಟಿ."

ಮೈದುನ ಅದನ್ನು ಬೆಳಕಿಗೆ ಹಿಡಿದು ಅಂಚಿನ ಮೇಲೆ ಉಗುರು ಆಡಿಸಿದ. ಕೈಕೆಲಸ ಬಲ್ಲವನ ಕಣ್ಣಿಗೆ ಅಷ್ಟೇ ಸಾಕಾಯಿತು.

ಆ ಮಧ್ಯಾಹ್ನವೇ ಅವನು ಶೆಡ್ಡು ತೆಗೆದ. ಇಂಜಿನ್ನಿನ ಕಡೆ, ಹಳೆ ಫಿಲ್ಟರಿನ ಬಾಯಂಚಿಗೆ ಹೊರಗಿನಿಂದ ಕೂರುವ ರಬ್ಬರಿನ ಉಂಗುರ ಅಂಟಿಕೊಂಡು ಉಳಿದಿಲ್ಲವೆಂದು ಬೆರಳು ಆಡಿಸಿ ನೋಡಿದ. ಅದು ಉಳಿದರೆ ಎಷ್ಟು ಒಳ್ಳೆಯ ಫಿಲ್ಟರಾದರೂ ಸೋರುವುದು ಖಂಡಿತ. ಹೊಸ ಉಂಗುರಕ್ಕೆ ಎಣ್ಣೆ ಸವರಿ, ಕೈಯಲ್ಲೇ ತಿರುಗಿಸಿ, ಕೂತ ಮೇಲೆ ಮುಕ್ಕಾಲು ಸುತ್ತು ಬಿಗಿದ. ಸ್ವಲ್ಪ ಹೊತ್ತು ಇಂಜಿನ್ ಓಡಿಸಿ, ಕೆಳಗೆ ಒಣ ಕಾಗದ ಹಾಸಿ ಹನಿ ಬೀಳುವುದಿಲ್ಲವೆಂದು ಖಾತ್ರಿ ಮಾಡಿಕೊಂಡ. ಬಳಿಕ ಕಾರನ್ನು ಬೇಕೆಂದೇ ಬಯಲಿಗೆ ತಂದು ನಿಲ್ಲಿಸಿದ. ಆಕಾಶ ತಿಳಿಯಾಗಿತ್ತು. ಅಂಥ ದಿನದ ಬೆನ್ನಿಗೆ ಬರುವ ಚಳಿ ಎಂಥದೆಂದು ಎಲ್ಲರಿಗೂ ಗೊತ್ತಿತ್ತು.

ಸೋಮವಾರ ಬೆಳಕು ಹರಿಯುವಾಗ ಅತ್ತಿಗೆ ಅಂಗಡಿಯ ಹೊರಗಿನ ನಲ್ಲಿ ತಿರುಗಿಸಿ ನೋಡಿದಳು. ಒಂದು ತೊಟ್ಟೂ ಬರಲಿಲ್ಲ. ಕಾರಿನ ಗಾಜಿನ ಮೇಲೆ ಬೆರಳಿನಷ್ಟು ದಪ್ಪ ಬಿಳಿ ಮಂಜು. ನರ್ಸಮ್ಮ ಕೈ ಉಜ್ಜುತ್ತ ಬಂದಳು, ಏನೂ ಕೇಳದೆ ಒಳಗೆ ಕೂತಳು. ಎದೆಯ ಗಡಿಯಾರವನ್ನು ಎತ್ತಿ ಎಡಗೈಯಲ್ಲಿ ಹಿಡಿದಳು. ಮೈದುನ ಮುಂದಿನ ಮುಚ್ಚಳ ಎತ್ತಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ, ಹಿಡಿ ಕಿವಿಗೆ ಹಚ್ಚಿ ನಿಂತ.

"ಹೂಂ" ಎಂದಳು ಅತ್ತಿಗೆ.

ನರ್ಸಮ್ಮ ಕೀಲಿ ತಿರುಗಿಸಿದಳು. ಇಂಜಿನ್ ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ಚಮಚದ ಡಬ್ಬಿ ಒಮ್ಮೆ ಕಟಕ್ಕೆಂದಿತು. ನರ್ಸಮ್ಮನ ತುಟಿ "ಒಂದು" ಎಂದಿತು. ಎರಡು ಎನ್ನುವುದರೊಳಗೆ ಕೆಂಪು ದೀಪ ಆರಿತ್ತು. ಆಮೇಲೆ ಕೇಳಿಸಿದ್ದು ಇಂಜಿನ್ನಿನ ಸಪಾಟಾದ ಗುಂಯ್‌ಗುಡುವಿಕೆ ಮಾತ್ರ.

ನರ್ಸಮ್ಮ ನೋಟುಪುಸ್ತಕ ತೆಗೆದು, ನಲ್ಲಿ ಹೆಪ್ಪು ಎಂದು ಬರೆದು, ಪಕ್ಕದಲ್ಲಿ ಒಂದು ಎಂದು ಬರೆದು, ಕೆಳಗೆ ಗೆರೆ ಎಳೆದಳು.

ಮೈದುನ ಸ್ಕ್ರೂಡ್ರೈವರನ್ನು ಕಿವಿಯಿಂದ ತೆಗೆದ. "ಬೇರಿಂಗ್ ಚೆನ್ನಾಗಿದೆ ನರ್ಸಮ್ಮ" ಎಂದ. "ಯಾರು ಸವೆದಿದೆ ಅಂದದ್ದು?"

"ಯಾರೋ ದಾರಿಹೋಕರು" ಎಂದಳು ನರ್ಸಮ್ಮ. ಗಾಜು ಇಳಿಸಿ ಅತ್ತಿಗೆಯ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದಳು, ಬೆರಳು ಕೊರೆಯುತ್ತಿದ್ದವು. "ಈ ಪುಟಾನೇ ದೊಡ್ಡ ಡಾಕ್ಟರಿಗೆ ತೋರಿಸ್ತೀನಿ. ಮೊದಲು ಅಜ್ಜನ ಕಾಲು ಕಟ್ಟಿ ಬರ್ತೀನಿ, ಅಲ್ಲಿ ಕಾಯ್ತಾ ಕೂತಿರತ್ತೆ ಜೀವ." ಕಾರು ಮಂಜು ಮೆತ್ತಿದ ಗಾಜಿನ ಒಂದು ಕಿಂಡಿಯಿಂದ ದಾರಿ ನೋಡಿಕೊಂಡು ಗುಡ್ಡದ ತಿರುವು ಹತ್ತಿತು. ಅದರ ಶಬ್ದ ಕೇಳಿಸದಾಗುವ ತನಕ ಅತ್ತಿಗೆ ಅಲ್ಲೇ ನಿಂತಿದ್ದಳು.

ಅವಳ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಮೈದುನನನ್ನು ಕೂರಿಸಿಕೊಂಡು, ಭಾರದ ಫಿಲ್ಟರ್ ಹಾಕಿಸಿಕೊಂಡ ನಲವತ್ತು ಕಾರುಗಳಲ್ಲಿ ಯಾವುದರಲ್ಲಿ ಅದು ಅಡ್ಡ ಮಲಗಿದೆ ಎಂದು ನೆನಪು ಮಾಡಿಸಿದಳು. ಏಳು ಸಿಕ್ಕವು. ಏಳು ಮನೆಗೂ ಫೋನು ಮಾಡಿ, "ನಮ್ಮದೇ ತಪ್ಪು, ಬಂದು ಬದಲಿಸಿಕೊಂಡು ಹೋಗಿ" ಎಂದಳು. ಆಮೇಲೆ ಸ್ಯಾಂಪಲ್ ಬಿಟ್ಟುಹೋಗಿದ್ದ ಏಜೆಂಟಿಗೆ ಫೋನು ಮಾಡಿದಳು. ಆಕೆ ಮಾತು ಶುರುಮಾಡುವ ಮೊದಲೇ, "ಬೆಲೆ ಆಮೇಲೆ ಹೇಳಿ. ಒಳಗಿನ ರಬ್ಬರು ಎಲ್ಲ ಡಬ್ಬದಲ್ಲೂ ಇದೇನಾ? ಬರೋ ಪ್ರತಿ ಪೆಟ್ಟಿಗೆಯಲ್ಲೂ ಒಂದನ್ನ ನಾನು ಕೊಯ್ದು ನೋಡ್ತೀನಿ, ಮೊದಲೇ ಹೇಳಿರ್ತೀನಿ" ಎಂದಳು.

ಮಧ್ಯಾಹ್ನ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಎಂಟು ತಿಂಗಳಿಂದ ಅಂಗಡಿಯ ಕಡೆ ಬರದಿದ್ದ ಗಂಡ ಒಂದೊಂದೇ ಮೆಟ್ಟಿಲು ಹತ್ತಿ ಬಂದು ಸ್ಟೂಲಿನ ಮೇಲೆ ಕೂತ. ಉಸಿರು ಸಮ ಮಾಡಿಕೊಂಡು, ಮೇಜಿನ ಮೇಲೆ ಉಳಿದಿದ್ದ ಒಂದೇ ಒಂದು ಹಗುರದ ಫಿಲ್ಟರನ್ನು ಎತ್ತಿ, ಅಂಗೈ ಮೇಲಿಟ್ಟು ತೂಗಿದ. ತಲೆಯಾಡಿಸಿದ. ಆಮೇಲೆ ಅದನ್ನು ತಿರುಗಿಸಿ, ಪೆನ್ನಿನ ಹಿಂತುದಿಯನ್ನು ಸಣ್ಣ ತೂತಿನಲ್ಲಿ ತೂರಿಸಿ ರಬ್ಬರನ್ನು ಒತ್ತಿ ನೋಡಿದ.

ಅಷ್ಟರಲ್ಲಿ ಒಬ್ಬ ಲಾರಿ ಡ್ರೈವರು ಬಂದ. ಹಳೆಯ ಧಣಿಯನ್ನು ಕಂಡು ಅವನ ಮುಖ ಅರಳಿತು. "ಬಂದ್ರಾ ಅಣ್ಣಾವ್ರೇ! ಒಳ್ಳೇದಾಯ್ತು. ಮೇಲಿನ ಊರಿಗೆ ಹೋಗ್ಬೇಕು, ಅಲ್ಲಿ ಚಳಿ ಇನ್ನೂ ಜಾಸ್ತಿ. ಯಾವ ಫಿಲ್ಟರ್ ಹಾಕಿಸ್ಲಿ ಹೇಳಿ."

ಗಂಡ ಪೆನ್ನಿನಿಂದ ಕೌಂಟರಿನ ಕಡೆ ತೋರಿಸಿದ.

"ಅತ್ತಿಗೆನ ಕೇಳಪ್ಪ."

"ಅಯ್ಯೋ, ನೀವಾದ್ರೂ ಹಾಗೆ ಕರೀಬೇಡ್ರೀ" ಎಂದಳು ಅತ್ತಿಗೆ. ಕನ್ನಡಕ ಹಾಕಿಕೊಂಡು ಡ್ರೈವರನ ಕಡೆ ತಿರುಗಿದಳು. "ನಿಮ್ಮ ಲಾರೀಲಿ ಫಿಲ್ಟರ್ ನೇತಾಡತ್ತೋ, ಮಲಗಿದೆಯೋ? ಮೊದಲು ಅದು ಹೇಳಿ."